ಕ್ಯಾಮೆರಾ ಕಾಣುತ್ತಿದೆ, ಆದರೆ ರೆಕಾರ್ಡ್ ಆಗುತ್ತಿದೆಯೇ? ಮನೆಯ ಡಿವಿಆರ್ ಹಾರ್ಡ್ ಡಿಸ್ಕ್ ಕೆಟ್ಟಾಗ

ಮೈಸೂರಿನಲ್ಲಿರುವ ನಮ್ಮ ಬಳಗದವರೊಬ್ಬರ ಮನೆಯ ಗೇಟಿನೊಳಗಿಂದ ಸ್ಕೂಟರ್ ಕಳುವಾಯಿತು. ಮನೆಗೆ ನಾಲ್ಕು ಕ್ಯಾಮೆರಾಗಳಿವೆ. ಹಿಂದಿನ ರಾತ್ರಿ ಮಲಗುವ ಮುನ್ನವೂ ಅವರು ಮೊಬೈಲಿನಲ್ಲಿ ಗೇಟಿನ ದೃಶ್ಯ ನೋಡಿದ್ದರು. ಬೆಳಿಗ್ಗೆ ಪೊಲೀಸರು ಬಂದು ಫುಟೇಜ್ ಕೇಳಿದಾಗ ಪ್ಲೇಬ್ಯಾಕ್ ತೆರೆದರೆ ಕ್ಯಾಲೆಂಡರ್ ಪೂರ್ತಿ ಖಾಲಿ. ಸ್ಟೋರೇಜ್ ಪುಟದಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಇಲ್ಲ. ಆಗ ಮನೆಯವರಿಗೆ ನೆನಪಾಯಿತು: ಐದು ತಿಂಗಳ ಹಿಂದೆ ಡಬ್ಬಿ ಬೀಪ್ ಬೀಪ್ ಎಂದು ಕೂಗತೊಡಗಿತ್ತು. ಫೋನಿನಲ್ಲಿ ಕೇಳಿದಾಗ, ಕ್ಯಾಮೆರಾ ಹಾಕಿಕೊಟ್ಟವರು ಸೆಟ್ಟಿಂಗ್ಸ್‌ಗೆ ಹೋಗಿ ಬಜರ್ ಆಫ್ ಮಾಡುವುದು ಹೇಗೆಂದು ಹೇಳಿಕೊಟ್ಟಿದ್ದರು. ಕೂಗು ನಿಂತಿತು, ಸಮಸ್ಯೆಯೂ ನಿಂತಿತೆಂದು ಎಲ್ಲರೂ ಅಂದುಕೊಂಡರು.

ಪರದೆಯ ಮೇಲೆ ಚಿತ್ರ ಬರುತ್ತಿದೆ ಎಂದರೆ ರೆಕಾರ್ಡ್ ಆಗುತ್ತಿದೆ ಎಂಬುದು ಮನೆ ಸಿಸಿಟಿವಿಯ ಬಗ್ಗೆ ಇರುವ ಅತ್ಯಂತ ದುಬಾರಿ ತಪ್ಪು ನಂಬಿಕೆ. ಡಿವಿಆರ್ ಒಳಗೆ ಆಗುವ ಕೆಲಸ ಹೀಗಿದೆ. ಕ್ಯಾಮೆರಾದಿಂದ ಬಂದ ಸಂಕೇತವನ್ನು ಒಂದು ಚಿಪ್ ಡಿಜಿಟಲ್ ವಿಡಿಯೊ ಆಗಿ ಕುಗ್ಗಿಸುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ: ಒಂದು ಟಿವಿಗೆ, ಒಂದು ಇಂಟರ್ನೆಟ್ ಮೂಲಕ ಮೊಬೈಲಿಗೆ, ಇನ್ನೊಂದು ಹಾರ್ಡ್ ಡಿಸ್ಕಿಗೆ. ಮೂರನೆಯ ದಾರಿ ಮುಚ್ಚಿಹೋದರೂ ಮೊದಲೆರಡಕ್ಕೆ ಏನೂ ಆಗುವುದಿಲ್ಲ. ಡಿಸ್ಕನ್ನೇ ಬಿಚ್ಚಿ ತೆಗೆದರೂ ಲೈವ್ ದೃಶ್ಯ ಎಂದಿನಂತೆ ಬರುತ್ತದೆ. ಆ ಬೀಪ್ ಸದ್ದನ್ನು ತಯಾರಕರು ಇಟ್ಟಿರುವುದೇ ಈ ಕಾರಣಕ್ಕೆ.

ವಿಡಿಯೊ ರೆಕಾರ್ಡರ್‌ನಲ್ಲಿ ಡಿಸ್ಕಿನ ಪಾಡು

ಹಾರ್ಡ್ ಡಿಸ್ಕ್ ಹುಟ್ಟಿದ್ದು ಲೆಕ್ಕಪತ್ರಕ್ಕಾಗಿ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ಅಷ್ಟರಲ್ಲೂ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಅದನ್ನು ಮನೆಯ ವಿಡಿಯೊ ರೆಕಾರ್ಡರ್‌ಗೆ ತಂದದ್ದು 1999ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಟಿವೊ ಮತ್ತು ರಿಪ್ಲೇ ಟಿವಿ. ಟಿವಿ ಕಾರ್ಯಕ್ರಮಗಳನ್ನು ಕ್ಯಾಸೆಟ್ ಇಲ್ಲದೆ ಹಿಡಿದಿಡುವ ಪೆಟ್ಟಿಗೆಗಳವು. ಅವುಗಳ ಡಿಸ್ಕ್ ಕೆಟ್ಟಾಗ ತಾವೇ ಬಿಚ್ಚಿ ಬದಲಿಸುವ ಹವ್ಯಾಸಿಗಳ ದಂಡೇ ಅಲ್ಲಿ ಬೆಳೆಯಿತು. ನಮ್ಮಲ್ಲಿ ಮನೆಗಳಿಗೆ ಈ ತಲೆನೋವು ಹೆಚ್ಚಾಗಿ ಬಂದದ್ದು ಸಿಸಿಟಿವಿಯ ಜೊತೆಗೆ.

ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ-ಬರೆಯುವ ತುದಿ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲು ಹತ್ತಿರ ಹತ್ತಿರ 80,000 ನ್ಯಾನೊಮೀಟರ್ ದಪ್ಪ. ಧೂಳಿನ ಕಣ, ಅಲುಗಾಟ, ತಿರುಗುತ್ತಿರುವಾಗ ಬಿದ್ದ ಪೆಟ್ಟು ಇವೆಲ್ಲ ಅಪಾಯಕಾರಿ ಆಗುವುದು ಇದರಿಂದಲೇ. ಅಲುಗಾಟವೆಂದರೆ ಕೆಡವುವುದೇ ಆಗಬೇಕಿಲ್ಲ. ಸನ್ ಮೈಕ್ರೊಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಡಿಸ್ಕ್‌ಗಳ ಸಾಲಿನ ಎದುರು ನಿಂತು ಜೋರಾಗಿ ಕಿರುಚಿ, ಆ ಗಳಿಗೆಯಲ್ಲಿ ಅವುಗಳ ವೇಗ ಕುಸಿಯುವುದನ್ನು ವಿಡಿಯೊ ಮಾಡಿ ತೋರಿಸಿದ್ದರು. ಹೋಮ್ ಥಿಯೇಟರಿನ ವೂಫರ್ ಮೇಲೆ ಡಿವಿಆರ್ ಕೂರಿಸಿ, ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸುವವರು ಇದನ್ನು ಗಮನಿಸಬೇಕು.

ಹಾಗಾದರೆ ಬಿಸಿಗೆ ಡಿಸ್ಕ್ ಸಾಯುತ್ತದೆ ಎನ್ನುವುದು? ಇದರಲ್ಲಿ ಅರ್ಧ ಮಾತ್ರ ನಿಜ. ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ಪರಿಶೀಲಿಸಿದಾಗ, ಉಷ್ಣತೆಗೂ ಸಾವಿಗೂ ಜನ ಅಂದುಕೊಂಡಷ್ಟು ಗಾಢ ಸಂಬಂಧ ಕಾಣಲಿಲ್ಲ. ತೀರಾ ಹೆಚ್ಚಿನ ಉಷ್ಣತೆಯಲ್ಲಿ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಆದರೆ ಅವು ತಂಪಾದ ಡೇಟಾ ಸೆಂಟರಿನ ಡಿಸ್ಕ್‌ಗಳು. ಏಪ್ರಿಲ್‌ನಲ್ಲಿ ಕಲಬುರಗಿಯ ಶೀಟಿನ ಮನೆಯ ಅಟ್ಟದ ಮೇಲೆ, ಗಾಳಿಯಾಡದ ಮೂಲೆಯಲ್ಲಿ ಇರುವ ಡಿವಿಆರ್‌ಗೆ ಆ ಸಮಾಧಾನ ಅನ್ವಯಿಸದು.

ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಹೆಚ್ಚು ಉಪಯುಕ್ತ. ಡಿಸ್ಕ್‌ಗಳು ತಮ್ಮ ಆರೋಗ್ಯವನ್ನು ತಾವೇ ಬರೆದುಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆ ಇದೆ. ಅನೇಕ ಡಿವಿಆರ್‌ಗಳ ಮೆನುವಿನಲ್ಲೂ ಅದನ್ನು ನೋಡಬಹುದು. ಅಲ್ಲಿ ‘ಗುಡ್’ ಎಂದಿದ್ದರೆ ನಿಶ್ಚಿಂತೆ ಎಂದುಕೊಳ್ಳುತ್ತೇವೆ. ಆದರೆ ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಮುಖ್ಯವೆಂದು ಗುರುತಿಸಿದ ನಾಲ್ಕು ಸೂಚಕಗಳಲ್ಲಿ ಒಂದರಲ್ಲೂ ಮುನ್ಸೂಚನೆ ಕೊಡದೆ ಸತ್ತಿದ್ದವು. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಒಂದು ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಅಂದರೆ ಈ ವ್ಯವಸ್ಥೆ ಕೆಟ್ಟ ಸುದ್ದಿ ಕೊಟ್ಟರೆ ನಂಬಿ, ಒಳ್ಳೆಯ ಸುದ್ದಿ ಕೊಟ್ಟರೆ ಪೂರ್ತಿ ನಂಬಬೇಡಿ.

ಕೆಟ್ಟದ್ದು ಡಿಸ್ಕೇ ಹೌದೇ?

ಮೈಸೂರಿನ ಮನೆಯವರು ಮರುದಿನವೇ ಹೊಸ ಡಿಸ್ಕ್ ಹಾಕಿಸಿದರು. ಎಂಟನೇ ದಿನಕ್ಕೆ ಅದೂ ಪಟ್ಟಿಯಿಂದ ಮಾಯ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು, ಡಿಸ್ಕನ್ನು ಮುಟ್ಟದೆ, ಗೋಡೆಗೆ ಸಿಕ್ಕಿಸಿದ್ದ ಕಪ್ಪು ಅಡಾಪ್ಟರನ್ನು ಬದಲಿಸಿದರು. ಹೊಸದೂ ತಿರುಗಿತು, ಹಳೆಯದೂ ತಿರುಗಿತು. ಹಳೆಯ ಡಿಸ್ಕಿನಲ್ಲಿ ಐದು ತಿಂಗಳ ಹಿಂದಿನವರೆಗಿನ ಎಲ್ಲವೂ ಸುರಕ್ಷಿತವಾಗಿತ್ತು. ಹಾಲಿನವರು, ಪೇಪರಿನ ಹುಡುಗ, ಬೆಕ್ಕು ಎಲ್ಲರೂ ಇದ್ದರು. ಬೇಕಾದ ಆ ಒಂದು ರಾತ್ರಿ ಮಾತ್ರ ಇರಲಿಲ್ಲ.

ಇದು ಅಪರೂಪದ ಸಂಗತಿಯಲ್ಲ. ಮನೆಯ ಡಿವಿಆರ್‌ಗಳ ಜೊತೆ ಸಾಮಾನ್ಯವಾಗಿ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಬರುತ್ತದೆ. ನಿಂತಿರುವ ತಟ್ಟೆಗಳನ್ನು ಪೂರ್ಣ ವೇಗಕ್ಕೆ ತರುವ ಮೊದಲ ಕೆಲವು ಸೆಕೆಂಡುಗಳಲ್ಲಿ 3.5 ಇಂಚಿನ ಡಿಸ್ಕ್ ಒಂದೇ 2 ಆಂಪಿಯರ್ ಹತ್ತಿರ ಎಳೆಯಬಲ್ಲದು. ಅಡಾಪ್ಟರಿನೊಳಗಿನ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಸೊರಗುತ್ತವೆ. ಚಿಪ್‌ಗೆ, ಪರದೆಗೆ ಸಾಲುವಷ್ಟು ವಿದ್ಯುತ್ ಸಿಗುತ್ತದೆ, ಡಿಸ್ಕ್ ತಿರುಗಿಸುವಷ್ಟು ಸಿಗುವುದಿಲ್ಲ. ಡಿಸ್ಕ್ ಏಳಲು ಯತ್ನಿಸಿ ‘ಟಿಕ್’ ಎಂದು ಮತ್ತೆ ಮಲಗುತ್ತದೆ. ಕೇಳಿದವರಿಗೆ ಡಿಸ್ಕ್ ಹೋಯಿತು ಎನ್ನಿಸುವುದು ಸಹಜ. ಕರೆಂಟ್ ಹೋಗಿ ಬಂದ ಮೇಲೆ ಈ ತೊಂದರೆ ಶುರುವಾಗಿದ್ದರೆ ಮೊದಲು ಅದೇ ಅಳತೆಯ ಒಳ್ಳೆಯ ಅಡಾಪ್ಟರ್, ನಂತರ ಒಳಗಿನ ಸಾಟಾ ಕೇಬಲ್ ಬದಲಿಸಿ ನೋಡಿ. ಡಿಸ್ಕಿನ ಬೆಲೆಯ ಮುಂದೆ ಈ ಎರಡರ ಖರ್ಚು ಏನೇನೂ ಅಲ್ಲ.

ಇದಾದ ಮೇಲೂ ಟಕ್ ಟಕ್ ಎಂಬ ಸದ್ದು ಲಯಬದ್ಧವಾಗಿ ಬರುತ್ತಿದ್ದರೆ ಡಿಸ್ಕೇ ಕೆಟ್ಟಿದೆ. ಆಗ ಕೆಲವರು ಕೊಡುವ ಸಲಹೆ: ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಬಹಳ ಹಳೆಯ ಡಿಸ್ಕ್‌ಗಳಲ್ಲಿ, ಅಂಟಿಕೊಂಡ ಭಾಗಗಳು ಚಳಿಗೆ ಕುಗ್ಗಿ ಬಿಡಿಸಿಕೊಂಡ ಉದಾಹರಣೆಗಳಿಂದ ಹುಟ್ಟಿದ ಸಲಹೆ ಇದು. ಇಂದಿನ ಡಿಸ್ಕಿನಲ್ಲಿ ಇದರಿಂದ ಸಿಗುವುದು ಒಳಗೆ ಕಟ್ಟಿಕೊಳ್ಳುವ ನೀರ ಹನಿ. ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ತುದಿಗೆ ಅದು ಬಂಡೆ ಸಿಕ್ಕಂತೆ. ಡಿಸ್ಕಿನಲ್ಲಿರುವ ದೃಶ್ಯ ನಿಜಕ್ಕೂ ಬೇಕಿದ್ದರೆ ವಿದ್ಯುತ್ ಕೊಡುವುದನ್ನೇ ನಿಲ್ಲಿಸಿ, ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಕ್ಕೆ ಒಯ್ಯಿರಿ. ಕಂಪ್ಯೂಟರಿಗೆ ಸಿಕ್ಕಿಸಿದಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಹೆದರಬೇಡಿ, ಒಪ್ಪಲೂ ಬೇಡಿ. ಹಲವು ಡಿವಿಆರ್‌ಗಳು ತಮ್ಮದೇ ವಿಧಾನದಲ್ಲಿ ಬರೆಯುತ್ತವೆ, ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ, ಅಷ್ಟೇ.

ಯಾವ ಡಿಸ್ಕ್ ಹಾಕಬೇಕು?

‘ಯಾವುದಾದರೂ ನಡೆಯುತ್ತದೆ, ಹಳೆಯ ಕಂಪ್ಯೂಟರಿನದೇ ಹಾಕಿ’ ಎನ್ನುವವರೂ ಇದ್ದಾರೆ, ‘ಸರ್ವೈಲೆನ್ಸ್ ಡಿಸ್ಕ್ ಎಂಬುದೆಲ್ಲ ಬಣ್ಣದ ಚೀಟಿಯ ವ್ಯಾಪಾರ’ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಕ್ಯಾಮೆರಾ, ಪ್ರತಿಯೊಂದೂ ಸೆಕೆಂಡಿಗೆ 2 ಮೆಗಾಬಿಟ್ ಎಂದುಕೊಂಡರೆ ಒಟ್ಟು 8 ಮೆಗಾಬಿಟ್, ಅಂದರೆ 1 ಮೆಗಾಬೈಟ್. ದಿನಕ್ಕೆ 86,400 ಸೆಕೆಂಡು, ಹಾಗಾಗಿ ದಿನಕ್ಕೆ 86.4 ಜಿಬಿ, ವರ್ಷಕ್ಕೆ ಸುಮಾರು 31.5 ಟಿಬಿ. 1 ಟಿಬಿ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ತುಂಬಿ, ಹಳೆಯದನ್ನು ಅಳಿಸಿ ಮತ್ತೆ ಬರೆಯಲು ಶುರುಮಾಡುತ್ತದೆ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬರುವವರಿಗೆ ಇದು ಸಾಲದು.

ಮೇಜಿನ ಕಂಪ್ಯೂಟರಿಗೆಂದು ಮಾಡಿದ ಒಂದು ಪ್ರಸಿದ್ಧ ಡಿಸ್ಕಿನ ವಿವರಪಟ್ಟಿಯಲ್ಲಿ ವರ್ಷಕ್ಕೆ 55 ಟಿಬಿ, 2,400 ಗಂಟೆ ಎಂದಿದೆ. ಸರ್ವೈಲೆನ್ಸ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 180 ಟಿಬಿ, ಮತ್ತು ವರ್ಷದ ಪೂರ್ತಿ 8,760 ಗಂಟೆ. ನಮ್ಮ ನಾಲ್ಕು ಕ್ಯಾಮೆರಾದ ಹೊರೆಯನ್ನು ಮೊದಲನೆಯದು ಹೊರಬಲ್ಲದು, ಆದರೆ ಗಂಟೆಗಳ ಲೆಕ್ಕದಲ್ಲಿ ಸೋಲುತ್ತದೆ. ಎಂಟು ಕ್ಯಾಮೆರಾ, ತಲಾ 4 ಮೆಗಾಬಿಟ್ ಆದರೆ ವರ್ಷಕ್ಕೆ 126 ಟಿಬಿ; ಆಗ ಎರಡರಲ್ಲೂ ಸೋಲುತ್ತದೆ. ಇನ್ನೊಂದು ವ್ಯತ್ಯಾಸ ಚೀಟಿಯ ಮೇಲೆ ಎದ್ದು ಕಾಣದು. ಒಂದು ಜಾಗ ಓದಲಾಗದಿದ್ದರೆ ಕಂಪ್ಯೂಟರ್ ಡಿಸ್ಕ್ ಬಿಡದೆ ಮತ್ತೆ ಮತ್ತೆ ಯತ್ನಿಸುತ್ತದೆ, ಏಕೆಂದರೆ ಅಲ್ಲಿ ನಿಮ್ಮ ಬ್ಯಾಂಕ್ ಲೆಕ್ಕವಿರಬಹುದು. ವಿಡಿಯೊಗೆಂದು ಸಿದ್ಧಪಡಿಸಿದ ಡಿಸ್ಕ್ ಬೇಗ ಕೈಬಿಟ್ಟು ಮುಂದೆ ಸಾಗುವಂತೆ ಹೊಂದಿಸಿರುತ್ತದೆ. ಒಂದು ಚೌಕಟ್ಟು ಕಲೆಯಾದರೆ ನಷ್ಟವಿಲ್ಲ, ನಾಲ್ಕು ಕ್ಯಾಮೆರಾದ ಹರಿವು ಸೆಕೆಂಡುಗಟ್ಟಲೆ ನಿಂತರೆ ನಷ್ಟ. ಆದ್ದರಿಂದ ನಮ್ಮ ತೀರ್ಮಾನ: ಇದು ಬರೀ ಬಣ್ಣದ ವ್ಯಾಪಾರವಲ್ಲ. ಕೈಯಲ್ಲಿ ಬೇರೇನೂ ಇಲ್ಲದಾಗ ಹಳೆಯ ಡಿಸ್ಕ್ ಒಂದೆರಡು ವಾರ ತಳ್ಳೀತು.

ಎಸ್‌ಎಸ್‌ಡಿ ಹಾಕಿದರೆ ಒಂದೇ ವರ್ಷದಲ್ಲಿ ಸವೆದುಹೋಗುತ್ತದೆ ಎಂಬುದೂ ಅತಿಯಾದ ಮಾತು. ಒಳ್ಳೆಯ 1 ಟಿಬಿ ಎಸ್‌ಎಸ್‌ಡಿಗೆ ತಯಾರಕರು 600 ಟಿಬಿವರೆಗೆ ಬರೆಯಲು ಖಾತರಿ ಕೊಡುವುದುಂಟು. ಮೇಲಿನ ಮೊದಲ ಲೆಕ್ಕದಲ್ಲಿ ಅದು 19 ವರ್ಷ, ಎರಡನೆಯದರಲ್ಲಿ 5 ವರ್ಷಕ್ಕೂ ಕಡಿಮೆ. ಅದರ ಸಮಸ್ಯೆ ಬೆಲೆ. ಅದೇ ಹಣಕ್ಕೆ ಹಾರ್ಡ್ ಡಿಸ್ಕಿನಲ್ಲಿ ಹೆಚ್ಚು ದಿನಗಳ ದೃಶ್ಯ ಹಿಡಿಸುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೊಸದು, ಬಳಸಿದ್ದು ಎರಡೂ ಸಿಗುತ್ತವೆ. ಬಳಸಿದ್ದೆಂದು ತಿಳಿದೇ ಕೊಂಡರೆ ತಕರಾರಿಲ್ಲ. ಹೊಸದೆಂದು ಕೊಂಡಿದ್ದರೆ, ಡಿವಿಆರ್‌ಗೆ ಹಾಕುವ ಮುನ್ನ ಕಂಪ್ಯೂಟರಿಗೆ ಜೋಡಿಸಿ ಎಷ್ಟು ಗಂಟೆ ಓಡಿದೆ ಎಂದು ನೋಡಿ, ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಪರೀಕ್ಷಿಸಿ. ಗಂಟೆಗಳ ಲೆಕ್ಕವನ್ನೇ ಸೊನ್ನೆಗೆ ತಿರುಗಿಸಿ ಹಳೆಯ ಸರ್ವರ್ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ ಪ್ರಕರಣಗಳು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾದವು, ಆದ್ದರಿಂದ ಎರಡನ್ನೂ ನೋಡುವುದು ಲೇಸು. ಅಂದಹಾಗೆ, 1 ಟಿಬಿ ಕೊಂಡರೆ ಪರದೆಯಲ್ಲಿ 931 ಜಿಬಿ ಕಾಣುವುದು ಅಂಗಡಿಯವರ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರ 1,024ರ ಲೆಕ್ಕದಲ್ಲಿ.

ಹಾಕುವ ಕೆಲಸ ಸುಲಭ: ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಎರಡು ಕೇಬಲ್, ನಾಲ್ಕು ಸ್ಕ್ರೂ. ಹಳೆಯ ಡಿವಿಆರ್ ಎಷ್ಟು ಟಿಬಿವರೆಗೆ ಒಪ್ಪುತ್ತದೆ ಎಂದು ಮೊದಲೇ ಕೈಪಿಡಿಯಲ್ಲಿ ನೋಡಿರಿ. ಆಮೇಲೆ ಮೆನುವಿನಿಂದ ಫಾರ್ಮ್ಯಾಟ್ ಮಾಡಿ, ತುಂಬಿದಾಗ ಹಳೆಯದರ ಮೇಲೆ ಬರೆಯುವ ಆಯ್ಕೆ ಆನ್ ಇದೆಯೇ ನೋಡಿ, ಬಜರನ್ನೂ ಮರಳಿ ಆನ್ ಮಾಡಿ. ಹೆಚ್ಚಿನವರು ಮರೆಯುವುದು ಗಡಿಯಾರವನ್ನು. ಒಳಗಿನ ಪುಟ್ಟ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತದೆ. ಆಗ ಕಳ್ಳನ ಮುಖ ಸ್ಪಷ್ಟವಾಗಿದ್ದರೂ, ದೃಶ್ಯದ ಮೇಲಿನ ತಾರೀಖೇ ಪ್ರಶ್ನೆಯಾಗುತ್ತದೆ.

ನ್ಯಾಯಾಲಯದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಇದು ಕಡತದ ಬೆರಳಚ್ಚಿನಂಥ ಸಂಖ್ಯೆ, ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಹಾಗಾಗಿ ಘಟನೆ ನಡೆದಿದ್ದರೆ ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿ ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ಮೂಲ ಕಡತವನ್ನೇ ಪೆನ್‌ಡ್ರೈವಿಗೆ ಇಳಿಸಿ, ಡಿಸ್ಕನ್ನು ಹಾಗೆಯೇ ಉಳಿಸಿ.

ಹಳೆಯ ಡಿಸ್ಕ್ ಎಲ್ಲಿಗೆ ಹೋಗುತ್ತದೆ?

ಡಿಸ್ಕ್ ಬದಲಿಸಲು ಬಂದವರು ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗುವುದು ವಾಡಿಕೆ. ಅದರಲ್ಲಿ ನಿಮ್ಮ ಮನೆಯವರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಬೀಗದ ಕೈ ಎಲ್ಲಿಡುತ್ತಾರೆ, ಮಕ್ಕಳ ಶಾಲೆ ವ್ಯಾನು ಯಾವಾಗ ಬರುತ್ತದೆ ಎಲ್ಲವೂ ಇರಬಹುದು. ಸತ್ತ ಡಿಸ್ಕ್ ನಿಜಕ್ಕೂ ಸತ್ತಿಲ್ಲದಿರಬಹುದು ಎಂಬುದನ್ನು ಮೈಸೂರಿನ ಮನೆಯಲ್ಲೇ ಕಂಡೆವು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ದೃಶ್ಯ ಅಳಿಯುವುದಿಲ್ಲ, ಅನೇಕ ಸಲ ಅಳಿಯುವುದು ಅದರ ಪರಿವಿಡಿ ಮಾತ್ರ. ಅಯಸ್ಕಾಂತ ಉಜ್ಜಿದರೆ ಅಳಿಯುತ್ತದೆ ಎಂಬುದೂ ಸುಳ್ಳು. ಡಿಸ್ಕಿನ ಒಳಗೇ, ತಟ್ಟೆಯ ಪಕ್ಕದಲ್ಲೇ, ಫ್ರಿಜ್ಜಿನ ಬಾಗಿಲಿನದಕ್ಕಿಂತ ಎಷ್ಟೋ ಬಲವಾದ ನಿಯೋಡಿಮಿಯಂ ಅಯಸ್ಕಾಂತ ಕೂತಿರುತ್ತದೆ.

ಹಾಗೆಂದು 35 ಸಲ ಅಳಿಸಿ ಬರೆಯಬೇಕೆಂಬ ಭಯವೂ ಬೇಡ. ಆ ಸಂಖ್ಯೆ ಬಂದದ್ದು 1996ರ ಒಂದು ಪ್ರಬಂಧದಿಂದ, ಅಂದಿನ ಡಿಸ್ಕ್‌ಗಳಿಗಾಗಿ. ತಿರುಗುವ ಡಿಸ್ಕ್ ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ಬಾರಿ ಪೂರ್ತಿ ಸೊನ್ನೆ ಬರೆದರೆ ಸಾಕು. ತಿರುಗದ ಡಿಸ್ಕ್ ಆದರೆ ಕಣ್ಣಿಗೆ ಕನ್ನಡಕ ಹಾಕಿ, ತಟ್ಟೆಗಳ ಮೂಲಕ ಎರಡು ಮೂರು ಕಡೆ ಡ್ರಿಲ್ ಮಾಡಿಸಿ, ನಂತರ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ವಾರಂಟಿಯಲ್ಲಿ ಬದಲಿ ಬೇಕೆಂದರೆ ಡ್ರಿಲ್ ಮಾಡುವಂತಿಲ್ಲ, ಡಿಸ್ಕನ್ನು ಇದ್ದಂತೆಯೇ ಕಳಿಸಬೇಕು. ಮೂರು ವರ್ಷದ ಆ ವಾರಂಟಿ ಬದಲಿ ಡಿಸ್ಕಿಗೆ ಮಾತ್ರ, ಅದರೊಳಗಿದ್ದ ದೃಶ್ಯಗಳಿಗಲ್ಲ. ಮೈಸೂರಿನ ಮನೆಯವರು ಹಳೆಯದನ್ನು ಯಾರಿಗೂ ಕೊಡಲಿಲ್ಲ. ಅಡಾಪ್ಟರ್ ಹೊಸದಾದ ಮೇಲೆ ಅದನ್ನೇ ಮತ್ತೆ ಡಿವಿಆರ್‌ಗೆ ಹಾಕಿ, ಹೊಸದನ್ನು ಬೀರುವಿನಲ್ಲಿಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜ ಪ್ಲೇಬ್ಯಾಕ್ ತೆರೆದು ಹಿಂದಿನ ರಾತ್ರಿಯ ಎರಡು ನಿಮಿಷ ನೋಡುತ್ತಾರೆ.