ಭಯಾನಕ ರಸ ಮತ್ತು ಒಂದು ಹಳೆಯ ವಿಡಿಯೋ ಆಟ

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸದ ವಿಭಾವಗಳನ್ನು ಹೇಳುವಾಗ ವಿಕಾರವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಗೂಗೆಗಳಿಂದಾಗುವ ಅಂಜಿಕೆ, ಶೂನ್ಯಾಗಾರ, ಅರಣ್ಯ ಮೊದಲಾದವುಗಳನ್ನು ಎಣಿಸುತ್ತಾನೆ. 1996ರ ಮಾರ್ಚ್ ತಿಂಗಳಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದ ‘ಬಯೋಹಜಾರ್ಡ್’ ಎಂಬ ವಿಡಿಯೋ ಆಟದಲ್ಲಿ ಈ ಪಟ್ಟಿಯ ಬಹುಪಾಲು ಇದೆ. ನರಿಯ ಬದಲು ನಾಯಿಗಳು, ಗೂಗೆಯ ಬದಲು ಕಾಗೆಗಳು. ಪಾಳುಬಂಗಲೆ ಮತ್ತು ಕಾಡು ಹಾಗೆಯೇ ಇವೆ. ಜಪಾನಿನ ಹೊರಗೆ ‘ರೆಸಿಡೆಂಟ್ ಈವಿಲ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಆಟವನ್ನು ಇತ್ತೀಚೆಗೆ ಮತ್ತೆ ಆಡಿದವರೆಲ್ಲರ ದೂರು ಒಂದೇ: ಇದು ವಿಪರೀತ ಕಠಿಣ, ತಾಳ್ಮೆಗೆಡಿಸುವಷ್ಟು ಕಠಿಣ. ಆ ದೂರನ್ನು ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಾದ ನಾವು ಸ್ವಲ್ಪ ಗಂಭೀರವಾಗಿ ಪರಿಶೀಲಿಸಬೇಕೆಂಬುದು ನನ್ನ ಅಭಿಪ್ರಾಯ. ಈ ಕಾಠಿನ್ಯವನ್ನು ತೆಗೆದುಹಾಕಿದರೆ ಭಯವೂ ಹೊರಟುಹೋಗುತ್ತದೆ; ಅದು ಅಳತೆ ಮೀರಿದರೂ ಭಯ ಉಳಿಯುವುದಿಲ್ಲ.

ಕಥೆಯಲ್ಲಿ ವಿಶೇಷವೇನೂ ಇಲ್ಲ. ಅಮೆರಿಕದ ಒಂದು ಕಲ್ಪಿತ ಊರಿನ ಹೊರಗಿನ ಬೆಟ್ಟಕಾಡಿನಲ್ಲಿ ಕೊಲೆಗಳು ನಡೆಯುತ್ತವೆ. ತನಿಖೆಗೆ ಬಂದ ಪೊಲೀಸರ ವಿಶೇಷ ದಳದವರು ನಾಯಿಗಳ ಹಿಂಡಿನಿಂದ ತಪ್ಪಿಸಿಕೊಂಡು ಒಂದು ಬಂಗಲೆಯನ್ನು ಹೊಗುತ್ತಾರೆ. ಕ್ರಿಸ್, ಜಿಲ್ ಎಂಬ ಇಬ್ಬರಲ್ಲಿ ಒಬ್ಬರನ್ನು ಆಟಗಾರ ಆರಿಸಿಕೊಂಡು, ಜೀವಂತ ಶವಗಳು ತುಂಬಿರುವ ಆ ಮನೆಯಿಂದ ಪಾರಾಗಬೇಕು. ನಿರ್ದೇಶಕ ಶಿಂಜಿ ಮಿಕಾಮಿ. ಇದಕ್ಕೆ ಪೂರ್ವಪರಂಪರೆಯೂ ಇದೆ. 1989ರಲ್ಲಿ ಇದೇ ಸಂಸ್ಥೆ ಹೊರತಂದ ‘ಸ್ವೀಟ್ ಹೋಮ್’ ಎಂಬ ಆಟದಲ್ಲಿ ದೆವ್ವದ ಬಂಗಲೆಯೂ ಸಾಮಾನು ಹೊರುವ ಇಕ್ಕಟ್ಟೂ ಆಗಲೇ ಇದ್ದವು. 1992ರ ಫ್ರೆಂಚ್ ಆಟ ‘ಅಲೋನ್ ಇನ್ ದ ಡಾರ್ಕ್’ನಲ್ಲಿ, ಕೋಣೆಯ ಮೂಲೆಯಿಂದ ನೋಡುವ ಅಚಲ ಕ್ಯಾಮೆರಾ ಇತ್ತು. ಬಯೋಹಜಾರ್ಡ್ ಈ ಎರಡನ್ನೂ ಕೂಡಿಸಿತು. ‘ಸರ್ವೈವಲ್ ಹಾರರ್’ ಎಂಬ ಪ್ರಕಾರದ ಹೆಸರು ಬಳಕೆಗೆ ಬಂದದ್ದು ಈ ಕೃತಿಯಿಂದ.

ಕಾಠಿನ್ಯದ ಮಾತಿಗೆ ಬಂದರೆ, ಮೊದಲು ಹೇಳಬೇಕಾದದ್ದು ಶಾಯಿಯ ರಿಬ್ಬನ್ನಿನ ವಿಷಯ. ಸಾಮಾನ್ಯವಾಗಿ ಆಟಗಾರನು ತಾನು ಮುಟ್ಟಿದ ಘಟ್ಟವನ್ನು ಯಂತ್ರದ ನೆನಪಿನಲ್ಲಿ ಉಳಿಸಿಕೊಂಡು, ಸೋತರೆ ಅಲ್ಲಿಂದ ಮುಂದುವರಿಯುತ್ತಾನೆ. ಇಲ್ಲಿ ಹಾಗೆ ಉಳಿಸಿಕೊಳ್ಳುವುದಕ್ಕೆ ಬಂಗಲೆಯ ಕೆಲವೇ ಕೋಣೆಗಳಲ್ಲಿ ಬೆರಳಚ್ಚು ಯಂತ್ರಗಳನ್ನು ಇಟ್ಟಿದ್ದಾರೆ. ಯಂತ್ರ ಸಿಕ್ಕರೆ ಸಾಲದು, ರಿಬ್ಬನ್ ಬೇಕು, ಒಂದು ಸಲ ಉಳಿಸಿದರೆ ಒಂದು ರಿಬ್ಬನ್ ಖರ್ಚು, ರಿಬ್ಬನ್ನುಗಳೋ ಎಣಿಕೆಯವು. ಜೊತೆಗೆ ಕ್ರಿಸ್ ಹೊರಬಲ್ಲದ್ದು ಆರೇ ವಸ್ತುಗಳನ್ನು, ಜಿಲ್ ಎಂಟನ್ನು. ಪಿಸ್ತೂಲಿಗೆ ಒಂದು ಜಾಗ, ಗುಂಡುಗಳಿಗೆ ಒಂದು, ಗಾಯ ಮಾಯಿಸುವ ಗಿಡಮೂಲಿಕೆಗೆ ಒಂದು. ಮಿಕ್ಕ ಮೂರರಲ್ಲಿ ಬೀಗದಕೈಗಳೂ ಒಗಟುಗಳಿಗೆ ಬೇಕಾದ ಬಿಲ್ಲೆಗಳೂ ಅಡಗಬೇಕು. ಕೈಗೆತ್ತಿಕೊಂಡದ್ದನ್ನು ದಾರಿಯಲ್ಲಿ ಬಿಸಾಡುವಂತಿಲ್ಲ. ಅಲ್ಲಲ್ಲಿ ಇರುವ ಪೆಟ್ಟಿಗೆಗಳಲ್ಲೇ ಇಡಬೇಕು. ಆದ್ದರಿಂದ ಈ ಆಟದಲ್ಲಿ ಜೋಂಬಿಯನ್ನು ಕಂಡಾಗ ಏಳುವ ಮೊದಲ ಪ್ರಶ್ನೆ ಕೊಲ್ಲುವುದು ಹೇಗೆ ಎಂಬುದಲ್ಲ. ಇದನ್ನು ಕೊಲ್ಲುವಷ್ಟು ಗುಂಡುಗಳನ್ನು ಇಲ್ಲಿ ಖರ್ಚು ಮಾಡಬಹುದೆ ಎಂಬುದು. ಮನೆವಾರ್ತೆ ನಡೆಸುವ ಗೃಹಿಣಿಯ ಲೆಕ್ಕಾಚಾರವಿದು. ಅಂಥ ಲೆಕ್ಕ ಭಯಕ್ಕೆ ಇಂಬಾಗುತ್ತದೆಂದು ಆಡದವರಿಗೆ ನಂಬುವುದು ಕಷ್ಟ.

ಹೇಗೆ ಇಂಬಾಗುತ್ತದೆ? ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ಅಲ್ಲಿ ಭಯವು ಆ ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ. ದೇಶಕಾಲಗಳ ಕಟ್ಟನ್ನು ಕಳಚಿಕೊಂಡ ಭಯ ಅದು. ಇದೇ ಆಚಾರ್ಯನು ರಸವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಒಂದು ವಿಘ್ನವೆಂದು ಹೇಳುತ್ತಾನೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಆದರೆ ವಿಡಿಯೋ ಆಟದಲ್ಲಿ ಕಳೆದುಹೋಗುವುದು ಆಟಗಾರನದೇ ಸೊತ್ತು. ರಿಬ್ಬನ್ ಉಳಿಸಬೇಕೆಂದು ಮುಕ್ಕಾಲು ಗಂಟೆ ಉಳಿಸದೆ ಆಡಿದವನು ಕಾರಿಡಾರಿನ ತಿರುವಿನಲ್ಲಿ ಸತ್ತರೆ, ಆ ಮುಕ್ಕಾಲು ಗಂಟೆ ಕ್ರಿಸ್‌ನದಲ್ಲ, ಇವನದು. ಶಾಸ್ತ್ರದ ದೃಷ್ಟಿಯಿಂದ ಇದು ರಸವಿಘ್ನವೇ. ಈ ಆಟವಾದರೋ ವಿಘ್ನವನ್ನೇ ವಿಭಾವವನ್ನಾಗಿ ಮಾಡಿಕೊಂಡಿದೆ. ಬಂಗಲೆ, ಶವ, ಕಾಗೆ ಎಲ್ಲವೂ ಚಿತ್ರಗಳೆಂಬುದು ಆಟಗಾರನಿಗೆ ಗೊತ್ತು. ನಷ್ಟ ಮಾತ್ರ ನಿಜ. ಆ ಸಣ್ಣ ಲೌಕಿಕ ನಷ್ಟದ ಆತಂಕ ಚಿತ್ರಗಳ ಮೇಲೆ ಹರಡಿ ಅವುಗಳಿಗೆ ಜೀವ ತುಂಬುತ್ತದೆ.

ಇಲ್ಲಿಯೇ ಅಳತೆಯ ಪ್ರಶ್ನೆ ಬರುವುದು. ನಷ್ಟ ತೀರ ಅಲ್ಪವಾದರೆ ಶವಗಳ ತೂರಾಟ ಹಾಸ್ಯವಾಗುತ್ತದೆ. ನಷ್ಟ ಅತಿಯಾದರೆ, ಅಥವಾ ಅನ್ಯಾಯವೆಂದು ಕಂಡರೆ, ಭಯವು ಕ್ರೋಧವಾಗಿ ಪರಿಣಮಿಸುತ್ತದೆ. ಕಂಟ್ರೋಲರನ್ನು ನೆಲಕ್ಕೆ ಎಸೆಯುವವನಲ್ಲಿ ಭಯಾನಕ ರಸವನ್ನು ಹುಡುಕಬಾರದು. ಮುಂಬಯಿಯ ಉಪನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಆಡಿಸುತ್ತಿದ್ದ ಅಂಗಡಿಗಳನ್ನು ಬಲ್ಲವರು ಇದನ್ನು ಒಪ್ಪಿಯಾರು. ಆಟ ಉಳಿಸುವ ಮೆಮೊರಿ ಕಾರ್ಡ್ ನಮ್ಮ ಕೈಗೆ ಕೊಡುತ್ತಿರಲಿಲ್ಲ. ಪ್ರತಿ ಸಲವೂ ಬಂಗಲೆಯ ಹೆಬ್ಬಾಗಿಲಿನಿಂದಲೇ ಆರಂಭ. ಅಲ್ಲಿ ರಿಬ್ಬನ್ನಿಗೆ ಅರ್ಥವೇ ಇರಲಿಲ್ಲ. ಗಡಿಯಾರ ನೋಡಿಕೊಂಡು ಓಡುವುದೊಂದೇ ಇತ್ತು.

ಆಟದ ಎಲ್ಲ ಕಾಠಿನ್ಯವನ್ನೂ ನಾನು ಸಮರ್ಥಿಸುತ್ತಿಲ್ಲ. ಪಾತ್ರವನ್ನು ನಡೆಸುವ ಕ್ರಮವನ್ನು ಹಲವರು ಹಳಿಯುತ್ತಾರೆ: ಮೇಲಿನ ಗುಂಡಿ ಒತ್ತಿದರೆ ಪಾತ್ರ ತನ್ನ ಮುಖವಿರುವ ದಿಕ್ಕಿಗೆ ನಡೆಯುತ್ತದೆ, ಎಡಬಲದ ಗುಂಡಿಗಳು ಅದನ್ನು ನಿಂತಲ್ಲೇ ತಿರುಗಿಸುತ್ತವೆ. ಕ್ಯಾಮೆರಾ ಥಟ್ಟನೆ ಬದಲಾಗುವ ಆಟದಲ್ಲಿ ದಿಕ್ಕು ತಪ್ಪದಿರಲು ಇದೇ ಸರಿಯಾದ ವ್ಯವಸ್ಥೆ ಎಂದು ನಾಲ್ಕು ಕೋಣೆ ದಾಟುವಷ್ಟರಲ್ಲಿ ಮನವರಿಕೆಯಾಗುತ್ತದೆ. ಬಾಗಿಲುಗಳದೂ ಹಾಗೆಯೇ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಲೆಯಲ್ಲಿ ಬಾಗಿಲೊಂದು ನಿಧಾನವಾಗಿ ತೆರೆಯುವುದನ್ನು ನೋಡಬೇಕು. ಮುಂದಿನ ಕೋಣೆಯ ವಿವರಗಳನ್ನು ಯಂತ್ರವು ಸಿ.ಡಿ.ಯಿಂದ ಓದಿಕೊಳ್ಳುವ ಹೊತ್ತನ್ನು ಮರೆಮಾಡಲು ಹೂಡಿದ ಉಪಾಯವದು. ಆದರೆ ನಮ್ಮ ರಂಗಭೂಮಿಯ ತೆರೆಯಂತೆ ಕೆಲಸ ಮಾಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಬೇಕಾದ ಒಂದು ವಸ್ತು ಪೆಟ್ಟಿಗೆಯಲ್ಲೇ ಉಳಿಯಿತೆಂದು ಖಾಲಿ ಕೋಣೆಗಳನ್ನು ಮತ್ತೆ ದಾಟಿ ಹೋಗಿಬರುವ ಪ್ರಯಾಣದಲ್ಲಿ ಭಯವಿಲ್ಲ, ಬೇಸರವಿದೆ. ಸಂಭಾಷಣೆಗಳಂತೂ ಹಾಸ್ಯಾಸ್ಪದ. ಜಪಾನೀ ಆವೃತ್ತಿಯಲ್ಲೂ ಪಾತ್ರಗಳು ಮಾತಾಡುವುದು ಇಂಗ್ಲಿಷಿನಲ್ಲಿಯೇ, ಅದೂ ಹಳ್ಳಿಯ ಶಾಲೆಯ ವಾರ್ಷಿಕೋತ್ಸವದ ನಾಟಕದ ಧಾಟಿಯಲ್ಲಿ.

ಇನ್ನು ಗ್ರಂಥಸಂಪಾದನೆಯ ಅಭ್ಯಾಸವುಳ್ಳ ನಮ್ಮಂಥವರಿಗೆ ಸಹಜವಾಗಿ ತೋರಬೇಕಾದ ಒಂದು ಅಂಶವಿದೆ: ಈ ಆಟಕ್ಕೂ ಪಾಠಾಂತರಗಳಿವೆ. 1996ರ ಅಮೆರಿಕನ್ ಆವೃತ್ತಿ ಜಪಾನೀ ಮೂಲಕ್ಕಿಂತ ಕಠಿಣ. ಮೂಲದಲ್ಲಿ ಪಿಸ್ತೂಲು ತಾನಾಗಿ ಶತ್ರುವಿನತ್ತ ಗುರಿ ಹಿಡಿಯುತ್ತಿತ್ತು. ಅಮೆರಿಕನ್ ಪಾಠದಲ್ಲಿ ಆ ಸೌಕರ್ಯವನ್ನು ತೆಗೆದರು, ರಿಬ್ಬನ್ನುಗಳನ್ನೂ ಕಡಿಮೆ ಮಾಡಿದರು. 1997ರ ‘ಡೈರೆಕ್ಟರ್ಸ್ ಕಟ್’ನಲ್ಲಿ ಹಳೆಯ ಕ್ರಮದ ಜೊತೆಗೆ ಗುಂಡುಗಳು ಧಾರಾಳವಾಗಿ ಸಿಗುವ ಸುಲಭ ಕ್ರಮವೂ, ವಸ್ತುಗಳ ಸ್ಥಾನಗಳನ್ನೂ ಕ್ಯಾಮೆರಾಗಳನ್ನೂ ಬದಲಿಸಿದ ಮತ್ತೊಂದು ಕ್ರಮವೂ ಇದ್ದವು. ಹೀಗಿರುವಾಗ ಈ ಆಟ ಅನ್ಯಾಯದಷ್ಟು ಕಠಿಣವೆಂಬ ಮಾತಿನ ಒಂದು ಭಾಗ, ಮೂಲಕ್ಕೆ ಸಲ್ಲದೆ ಒಂದು ಪಾಠಾಂತರಕ್ಕೆ ಸಲ್ಲತಕ್ಕದ್ದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿ.ಡಿ. ಕೊಂಡ ನಮ್ಮವರಲ್ಲಿ ತಾವು ಕೊಂಡದ್ದು ಯಾವ ಪಾಠವೆಂದು ವಿಚಾರಿಸಿದವರು ಎಷ್ಟು ಮಂದಿ?

2002ರಲ್ಲಿ ಮಿಕಾಮಿಯೇ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಈ ಕೃತಿಯನ್ನು ಪುನಾರಚಿಸಿದರು. ಹಳೆಯ ಆಟವನ್ನು ಬಾಯಿಪಾಠ ಮಾಡಿದವರಿಗೆ ಭಯ ಹುಟ್ಟಿಸುವುದೆಂತು ಎಂಬ ಸಮಸ್ಯೆ ಅವರ ಎದುರಿಗಿತ್ತು. ಕಂಡುಕೊಂಡ ಪರಿಹಾರ ಅಪೂರ್ವವಾದದ್ದು. ಕೊಂದು ಕೆಡವಿದ ಜೋಂಬಿಯ ತಲೆಯನ್ನು ಒಡೆಯದೆ ಅಥವಾ ಸೀಮೆಎಣ್ಣೆ ಹಾಕಿ ಸುಡದೆ ಬಿಟ್ಟರೆ, ಸ್ವಲ್ಪ ಕಾಲದ ಮೇಲೆ ಅದು ಕೆಂಪು ಮೋರೆ ಹೊತ್ತು, ಓಡಿಬರುವ ಶಕ್ತಿಯೊಂದಿಗೆ ಮತ್ತೆ ಏಳುತ್ತದೆ. ಸೀಮೆಎಣ್ಣೆಯೂ ಮಿತವೇ. ಮೂಲದಲ್ಲಿ ಕೊಂದ ಮೇಲೆ ಆ ಕಾರಿಡಾರು ಆಟಗಾರನ ಸ್ವಾಧೀನ. ಇಲ್ಲಿ ಕೊಂದದ್ದೇ ಸಾಲವಾಗಿ ಹಿಂಬಾಲಿಸುತ್ತದೆ. ಕಾಠಿನ್ಯವನ್ನು ಹೆಚ್ಚಿಸಿಯೂ ಕ್ರೋಧಕ್ಕೆ ಎಡೆಗೊಡದ ಸಂದರ್ಭ ಇದು, ಏಕೆಂದರೆ ಯಾವ ಶವವನ್ನು ಸುಡಬೇಕೆಂಬ ಆಯ್ಕೆ ಆಟಗಾರನದೇ. ಮೂಲಕ್ಕಿಂತ ಈ ಪುನಾರಚನೆಯೇ ಶ್ರೇಷ್ಠವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

2015ರಲ್ಲಿ ಈ ಪುನಾರಚನೆ ಹೊಸ ಯಂತ್ರಗಳಿಗೆ ಬಂದಾಗ ಹೊಸ ಬಗೆಯ ಚಲನಕ್ರಮವನ್ನೂ ಅತಿ ಸುಲಭವಾದ ಒಂದು ಶ್ರೇಣಿಯನ್ನೂ ಸೇರಿಸಿದರು. ಹಳಬರು ಕೆರಳಿದರು. ಅವರ ಪಕ್ಷ ನನ್ನದಲ್ಲ. ಕೈಬೆರಳುಗಳು ಸ್ವಾಧೀನವಿಲ್ಲದವರಿಗೆ, ದೃಷ್ಟಿ ಮಂದವಾದವರಿಗೆ, ದಿನಕ್ಕೆ ಅರ್ಧ ಗಂಟೆ ಬಿಡುವಿರುವವರಿಗೆ ಮೂಲದ ಅಳತೆ ಒಗ್ಗದು. ಅವರು ತೆರುವ ನಷ್ಟ ಬೇರೆಯವರಿಗಿಂತ ಇಮ್ಮಡಿ, ಆದ್ದರಿಂದ ಅವರಿಗೆ ದಕ್ಕುವುದು ಕ್ರೋಧವೇ. ಹಳಗನ್ನಡ ಕಾವ್ಯಕ್ಕೆ ಗದ್ಯಾನುವಾದ ಬಂದದ್ದರಿಂದ ಪಂಪನಿಗೆ ಕೇಡೇನೂ ಆಗಲಿಲ್ಲ. ಮೂಲವು ಅಚ್ಚಿನಲ್ಲಿ ಇಲ್ಲದೆ ಗದ್ಯಾನುವಾದವೊಂದೇ ಉಳಿದಿದ್ದರೆ ಕೇಡಾಗುತ್ತಿತ್ತು. ಈ ಆಟದ ವಿಷಯದಲ್ಲಿ ಬಹುಕಾಲ ಹೆಚ್ಚುಕಡಿಮೆ ಆ ಸ್ಥಿತಿಯೇ ಇತ್ತು. ಪುನಾರಚನೆ ಎಲ್ಲೆಡೆ ಸಿಗುತ್ತಿತ್ತು, 1996ರ ಕೃತಿಯನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಬೇಕೆಂದರೆ ಪರದಾಡಬೇಕಿತ್ತು. 2024ರಲ್ಲಿ ಆ ಹಳೆಯ ಕೃತಿ ಇಂದಿನ ಕಂಪ್ಯೂಟರುಗಳಿಗೆ ಒಗ್ಗುವಂತೆ ಮತ್ತೆ ಮಾರಾಟಕ್ಕೆ ಬಂದಿರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆಡಲು ಈಗ ಸಾಧ್ಯವಾಗಿದೆ.

ಹಾಗೆ ಆಡುವವರಿಗೆ ಒಂದು ಸೂಚನೆ. ಎರಡನೆಯ ಸಲ ಆಡುವಾಗ ಭಯ ಅರ್ಧಕ್ಕಿಳಿಯುತ್ತದೆ. ನಾಯಿ ಕಿಟಕಿ ಒಡೆದು ನುಗ್ಗುವುದು ಯಾವ ಹೆಜ್ಜೆಗೆ ಎಂದು ಗೊತ್ತಿರುತ್ತದೆ, ರಿಬ್ಬನ್ನುಗಳು ಮಿಗುತ್ತವೆ. ಆ ಹಂತದಲ್ಲಿ ಸ್ಥಾಯಿಯಾಗಿ ನಿಲ್ಲುವುದು ಉತ್ಸಾಹ. ಬರಿಯ ಚಾಕುವಿನಿಂದ ಇಡೀ ಆಟವನ್ನು ಮುಗಿಸುವವರು ಇದ್ದಾರೆ. ಅವರು ಆಡುತ್ತಿರುವುದು ವೀರರಸದ ಆಟ. ಕಾಠಿನ್ಯದ ಬಗ್ಗೆ ಅವರ ಸಾಕ್ಷ್ಯವನ್ನು ಒಪ್ಪಿಕೊಳ್ಳುವಾಗ ಇದು ನೆನಪಿನಲ್ಲಿರಬೇಕು. ಬಂಗಲೆಯನ್ನು ಮೊದಲ ಸಲ ಹೊಕ್ಕು, ಹೆಣದ ಮೇಲೆ ಬಾಗಿದ್ದ ಆಕೃತಿ ಮೆಲ್ಲನೆ ತಲೆ ತಿರುಗಿಸಿದ್ದನ್ನು ಕಂಡು, ಕೈಯಲ್ಲಿರುವ ಗುಂಡುಗಳನ್ನು ಎಣಿಸಿದವನ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅವನು ಆಟವನ್ನು ಅರ್ಧಕ್ಕೇ ಬಿಟ್ಟಿದ್ದರೂ.