ಕರೆಗಳ ಧ್ವನಿಮುದ್ರಣ: ಜಾಗಕ್ಕಿಂತ ಮೊದಲು ಅವಧಿ

ವ್ಯವಹಾರದ ದೂರವಾಣಿ ಕರೆಗಳನ್ನು ಧ್ವನಿಮುದ್ರಿಸಿ ಇಡಲು ಬೇಕಾಗುವ ಜಾಗ ಮೂರು ಸಂಖ್ಯೆಗಳ ಗುಣಲಬ್ಧ: ದಿನಕ್ಕೆ ಎಷ್ಟು ಗಂಟೆ ಮಾತು, ಒಂದು ಗಂಟೆ ಮಾತಿಗೆ ಎಷ್ಟು ಬೈಟು, ಎಷ್ಟು ದಿನ ಇಡಬೇಕು. ಮೊದಲೆರಡನ್ನು ತಂತ್ರಜ್ಞರು ಅಳೆದು ಹೇಳಬಲ್ಲರು. ಮೂರನೆಯದು ಅಳತೆಗೆ ಸಿಗುವುದಲ್ಲ, ಸಂಸ್ಥೆ ನಿರ್ಧರಿಸಬೇಕಾದದ್ದು. ಆ ನಿರ್ಧಾರವಿಲ್ಲದೆ ಹಾಕಿದ ಅಂದಾಜಿಗೆ ಅರ್ಥವೇ ಇಲ್ಲ. ಡಿಸ್ಕ್ ಈಗ ಅಗ್ಗ, ಎಲ್ಲವನ್ನೂ ಇಟ್ಟುಕೊಂಡರಾಯಿತು ಎನ್ನುವವರು ಲೆಕ್ಕ ಹಾಕುತ್ತಿಲ್ಲ, ಅದರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ.

ಬೈಟುಗಳ ಲೆಕ್ಕ ಸರಳ. 1972ರಿಂದ ಬಳಕೆಯಲ್ಲಿರುವ ಜಿ.711 ಮಾನದಂಡದಲ್ಲಿ ಸೆಕೆಂಡಿಗೆ 8,000 ಮಾದರಿ, ಮಾದರಿಗೆ 8 ಬಿಟ್. ಅಂದರೆ ಸೆಕೆಂಡಿಗೆ 64 ಕಿಲೋಬಿಟ್, ಗಂಟೆಗೆ 28.8 ಎಂಬಿ. ಹೆಚ್ಚು ಕುಗ್ಗಿಸುವ ಜಿ.729ರಲ್ಲಿ ಅದೇ ಗಂಟೆ 3.6 ಎಂಬಿಗೆ ಇಳಿಯುತ್ತದೆ. 16 ಬಿಟ್‌ನ ಕುಗ್ಗಿಸದ ಕಡತದಲ್ಲಿ, ಇಬ್ಬರ ದನಿಗೂ ಬೇರೆ ಬೇರೆ ಚಾನೆಲ್ ಕೊಟ್ಟರೆ 115.2 ಎಂಬಿಗೆ ಏರುತ್ತದೆ. ನೂರು ಜನ ತಲಾ ಐದು ಗಂಟೆ ಮಾತನಾಡುವ ಕಾಲ್ ಸೆಂಟರಿಗೆ ವರ್ಷಕ್ಕೆ 300 ದಿನ ಕೆಲಸವೆಂದುಕೊಂಡರೆ, ಜಿ.729ರಲ್ಲಿ ಅರ್ಧ ಟಿಬಿಗಿಂತ ತುಸು ಹೆಚ್ಚು, ಜಿ.711ರಲ್ಲಿ 4.32 ಟಿಬಿ, ಕೊನೆಯ ಬಗೆಯಲ್ಲಿ 17.28 ಟಿಬಿ ಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಜಾಲದ ಸಾಮರ್ಥ್ಯಕ್ಕೆಂದು ಮಾಡಿದ ಕೋಷ್ಟಕವನ್ನೇ ಡಿಸ್ಕಿಗೂ ಬಳಸುತ್ತಾರೆ. ಅಂತರಜಾಲದಲ್ಲಿ ಸಾಗುವ ದನಿಯ ಪ್ರತಿ ಪ್ಯಾಕೆಟ್ಟಿಗೂ ಸುಮಾರು 40 ಬೈಟುಗಳ ಶಿರೋಭಾಗ ಅಂಟಿರುತ್ತದೆ. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೋಗುವಾಗ ಜಿ.729ರ ದನಿ ಬರೀ 20 ಬೈಟು, ಆದ್ದರಿಂದ ಜಾಲದ ಮೇಲೆ ಅದು ಮೂರು ಪಟ್ಟಾಗಿ ಕಾಣುತ್ತದೆ. ಮುದ್ರಿತ ದನಿಯ ಕಡತಕ್ಕೆ ಆ ಶಿರೋಭಾಗ ಬರುವುದೇ ಇಲ್ಲ.

ಮಾತಿನ ಗಂಟೆಗಳನ್ನು ಎಣಿಸುವುದು ಇನ್ನೂ ಸೂಕ್ಷ್ಮ. ಈ ವಿಷಯದ ಮೂಲಪುರುಷ ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರಪ್ ಎರ್ಲಾಂಗ್. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಅವರು ಕರೆಗಳು ಯಾದೃಚ್ಛಿಕವಾಗಿ ಬಂದರೂ ಅವುಗಳ ಒಟ್ಟು ವರ್ತನೆಗೆ ನಿಯಮವಿದೆಯೆಂದು 1909ರಲ್ಲಿ ತೋರಿಸಿದರು. 1917ರಲ್ಲಿ ಅವರು ಕೊಟ್ಟ ಸೂತ್ರದಿಂದ, ಇಷ್ಟು ಕರೆಗಳಿಗೆ ಇಷ್ಟು ಲೈನುಗಳಿದ್ದರೆ ಎಷ್ಟು ಕರೆಗಳು ಸಿಗದೆ ಹೋಗುತ್ತವೆ ಎಂದು ಹೇಳಬಹುದು. ದೂರವಾಣಿ ದಟ್ಟಣೆಯ ಮಾನಕ್ಕೆ ಅವರದೇ ಹೆಸರು: ಒಂದು ಲೈನು ಬಿಡುವಿಲ್ಲದೆ ನಡೆಯುತ್ತಿದ್ದರೆ ಒಂದು ಎರ್ಲಾಂಗ್. ಎರ್ಲಾಂಗರ ಸೂತ್ರಕ್ಕೆ ಮುಖ್ಯವಾದದ್ದು ದಿನದ ಅತಿ ದಟ್ಟಣೆಯ ಗಂಟೆ. ಲೈನುಗಳು, ಒಟ್ಟಿಗೇ ನಡೆಯುವ ಮುದ್ರಣಗಳು, ಅವುಗಳ ಲೈಸೆನ್ಸು, ಎಲ್ಲಕ್ಕೂ ಅದೇ ಆಧಾರ. ಜಾಗದ ಲೆಕ್ಕಕ್ಕೆ ಬೇಕಾದದ್ದು ಆ ಶಿಖರವಲ್ಲ, ಇಡೀ ದಿನದ ಮೊತ್ತ. ದಟ್ಟಣೆಯ ಗಂಟೆಯನ್ನು ಎಂಟರಿಂದ ಗುಣಿಸಿದರೆ ಅಂದಾಜು ಉಬ್ಬುತ್ತದೆ. ಲೈನುಗಳ ಸಂಖ್ಯೆಯನ್ನು 24ರಿಂದ ಗುಣಿಸಿದರಂತೂ ವಾಸ್ತವದ ಸಂಬಂಧವೇ ತಪ್ಪುತ್ತದೆ. ಕಚೇರಿಯ ದೂರವಾಣಿ ವಿನಿಮಯ ಯಂತ್ರವಾದ ಇಪಿಎಬಿಎಕ್ಸ್‌ನಲ್ಲಿ ಉಳಿಯುವ ಕರೆ ವಿವರಗಳಿಂದ ಕೆಲವು ತಿಂಗಳ ಮೊತ್ತ ತೆಗೆಯುವುದೇ ಸರಿಯಾದ ದಾರಿ. ಆಗಲೂ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾದ ಕರೆ ಎರಡು ಸಲ ಮುದ್ರಣವಾಗುತ್ತಿದೆಯೇ, ಹೋಲ್ಡ್‌ನಲ್ಲಿ ನುಡಿಯುವ ಸಂಗೀತವೂ ಸೇರುತ್ತಿದೆಯೇ ಎಂದು ನೋಡಬೇಕು.

ಎಲ್ಲವನ್ನೂ ಒಳ್ಳೆಯ ಗುಣಮಟ್ಟದಲ್ಲಿ ಇಡಬೇಕೆನ್ನುವವರ ವಾದದಲ್ಲಿ ತೂಕವಿದೆ. ಹೆಚ್ಚು ಕುಗ್ಗಿಸಿದ ದನಿಯಲ್ಲಿ ಕಳೆದುಹೋದ ವಿವರ ಮತ್ತೆ ಬರುವುದಿಲ್ಲ. ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಅಂಥ ದನಿಯಲ್ಲಿ ಹೆಚ್ಚು ತಪ್ಪುತ್ತದೆ, ಇಬ್ಬರ ದನಿ ಒಂದೇ ಚಾನೆಲಿನಲ್ಲಿ ಬೆರೆತಿದ್ದರೆ ಇನ್ನೂ ತಡವರಿಸುತ್ತದೆ. ವ್ಯಾಜ್ಯ ಎದ್ದಾಗ ಒಂದು ಅಸ್ಪಷ್ಟ ಪದವೇ ನಿರ್ಣಾಯಕವಾಗಬಹುದು. ಇದೆಲ್ಲ ನಿಜ. ಆದರೆ ಇದು ಚೆನ್ನಾಗಿ ಮುದ್ರಿಸಲು ಕಾರಣವಾಗುತ್ತದೆಯೇ ಹೊರತು ಶಾಶ್ವತವಾಗಿ ಇಡಲು ಅಲ್ಲ.

ಅವಧಿಯ ವಿಷಯದಲ್ಲಿ ಕಾನೂನು ಎರಡೂ ಕಡೆಯಿಂದ ಎಳೆಯುತ್ತದೆ. ಫೋನಿನಲ್ಲಿ ಆದೇಶ ಪಡೆಯುವ ಷೇರು ದಲ್ಲಾಳಿಗಳು ಆ ಕರೆಯನ್ನು ಮುದ್ರಿಸಿ ದಾಖಲೆಯಾಗಿ ಇಡಬೇಕೆಂದು ಸೆಬಿ 2018ರ ಸುತ್ತೋಲೆಯಲ್ಲಿ ವಿಧಿಸಿತು. ಅದೇ ವರ್ಷ ಐರೋಪ್ಯ ಒಕ್ಕೂಟದಲ್ಲಿ ಜಾರಿಗೆ ಬಂದ ಮಿಫಿಡ್ 2 ನಿಯಮದಂತೆ ಇಂಥ ಮುದ್ರಣಗಳು 5 ವರ್ಷ, ನಿಯಂತ್ರಕರು ಕೇಳಿದರೆ 7 ವರ್ಷ ಇರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದು ಇನ್ನೊಂದನ್ನು: ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡು ಎನ್ನದಿದ್ದರೆ, ಅಳಿಸಬೇಕು. ಸೂಕ್ತ ಸುರಕ್ಷತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಪಾವತಿ ಕಾರ್ಡುಗಳ ಪಿಸಿಐ ಮಾನದಂಡವಂತೂ ಹಣ ಪಾವತಿ ಅಧಿಕೃತಗೊಂಡ ಮೇಲೆ ಸಿವಿವಿ ಸಂಖ್ಯೆ ಧ್ವನಿಮುದ್ರಣದಲ್ಲೂ ಉಳಿಯಕೂಡದು ಎನ್ನುತ್ತದೆ. ಗ್ರಾಹಕರು ತಮ್ಮ ಸಾಲ, ಕಾಯಿಲೆ, ವಿಳಾಸ ಹೇಳಿಕೊಂಡದ್ದು ಒಂದು ಕೆಲಸಕ್ಕಾಗಿ. ಆ ಕೆಲಸ ಮುಗಿದ ಮೇಲೂ ಅದನ್ನು ಹಿಡಿದಿಟ್ಟುಕೊಳ್ಳುವುದು ವಿಶ್ವಾಸದ್ರೋಹ.

ಆದ್ದರಿಂದ ಕರೆಗಳನ್ನು ಮೊದಲು ಬಗೆ ಬಗೆಯಾಗಿ ವಿಂಗಡಿಸಬೇಕು. ಮೇಲಿನ ಕಾಲ್ ಸೆಂಟರಿನ ದಿನದ 500 ಗಂಟೆಗಳನ್ನೂ ಜಿ.711ರಲ್ಲಿ 5 ವರ್ಷ ಇಟ್ಟರೆ 21.6 ಟಿಬಿ ಬೇಕು. ಅದರಲ್ಲಿ 50 ಗಂಟೆ ಮಾತ್ರ ಆದೇಶದ ಕರೆಗಳೆಂದುಕೊಂಡು ಅವನ್ನು 5 ವರ್ಷ, ಉಳಿದ ವಿಚಾರಣೆಗಳನ್ನು 75 ಕೆಲಸದ ದಿನ ಇಟ್ಟರೆ 3.13 ಟಿಬಿ ಸಾಕು. ಅವಧಿ ತುಂಬಿದ ಮೇಲೆ ದಿನವೂ ಸೇರುವಷ್ಟೇ ಅಳಿಯುವುದರಿಂದ ಬಳಕೆ ಅಲ್ಲೇ ನಿಲ್ಲುತ್ತದೆ. ಅಳಿಸದ ವ್ಯವಸ್ಥೆಯಲ್ಲಿ ಇಂಥ ನಿಲುಗಡೆಯೇ ಇಲ್ಲ, ಹಾಗಾಗಿ ಅದಕ್ಕೆ ಅಂದಾಜೂ ಸಾಧ್ಯವಿಲ್ಲ.

ಬಂದ ಸಂಖ್ಯೆಗೆ ಬ್ಯಾಕಪ್ ಪ್ರತಿಯನ್ನೂ ಸಿಬ್ಬಂದಿ ಹೆಚ್ಚಿದರೆ ಬೇಕಾಗುವ ಜಾಗವನ್ನೂ ಸೇರಿಸಬೇಕು. ವ್ಯಾಜ್ಯದಲ್ಲಿರುವ ಕರೆಗಳನ್ನು ಅಳಿಸುವ ಸರದಿಯಿಂದ ತೆಗೆದು ಬೇರೆಯಾಗಿ ಇಡಬೇಕು. ಉಳಿದವುಗಳ ಅವಧಿ ಮುಗಿದಾಗ ಮೂಲದ ಜೊತೆಗೆ ಬ್ಯಾಕಪ್ಪಿನಲ್ಲಿರುವ ಪ್ರತಿಯೂ ಅಳಿಯುವಂತೆ ವ್ಯವಸ್ಥೆ ಮಾಡಬೇಕು.