ನಾಲ್ಕನೇ ಜ್ವರಕ್ಕೆ ರಜೆ ಎಲ್ಲಿದೆ?

ಮಕ್ಕಳೇ, ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ನೆನಪಿಸಿಕೊಳ್ಳಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಯಾರಾದರೊಬ್ಬರು ಐದಾರು ದಿನ ಒಟ್ಟಿಗೆ ಶಾಲೆಗೆ ಬರುವುದಿಲ್ಲ. ಏಕೆಂದು ಕೇಳಿದರೆ "ಹುಳು ನಾಲ್ಕನೇ ಜ್ವರ ಎದ್ದಿತ್ತು ಸಾರ್" ಎಂಬ ಉತ್ತರ. ಬೇರೆ ಕಡೆಯಿಂದ ಹೊಸದಾಗಿ ಬಂದ ಮೇಷ್ಟ್ರು ಪಾಪ, ಮಗುವಿಗೇ ಜ್ವರವೆಂದು ತಿಳಿದಾರು!

ಇದು ಕಾಯಿಲೆಯ ಜ್ವರವಲ್ಲ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಬಾರಿ ಪೊರೆ ಕಳಚುತ್ತದೆ. ಆಗ ಸುಮಾರು ಒಂದು ದಿನ ತಲೆಯೆತ್ತಿಕೊಂಡು, ಸೊಪ್ಪು ಮುಟ್ಟದೆ ಸುಮ್ಮನಿರುತ್ತದೆ. ಅದನ್ನೇ ನಮ್ಮ ರೈತರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅದರ ಹಸಿವನ್ನು! ಹುಳು ತನ್ನ ಇಡೀ ಜೀವನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗವನ್ನು ಈ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಹುಳುಮನೆಯೊಳಗೆ ಮಳೆ ಹನಿಯುವಂತೆ ಸದ್ದು. ಮನೆಯವರೆಲ್ಲ ತೋಟಕ್ಕೂ ಹುಳುಮನೆಗೂ ಓಡಾಡುವುದೇ ಕೆಲಸ. ಆಮೇಲೆ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಅದಕ್ಕೂ ಕೈ ಸಾಲದು.

ಈಗ ನಮ್ಮ ರಜೆಯ ಪಟ್ಟಿಯನ್ನು ನೋಡೋಣ. ಪ್ರಾಥಮಿಕ ಶಾಲೆಗೂ ಪ್ರೌಢಶಾಲೆಗೂ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ, ನಡುವೆ ದಸರಾ ರಜೆ. ಬೇಸಿಗೆ ರಜೆಗೆ ಕಾರಣ ಸೂರ್ಯ. ಏಪ್ರಿಲ್ 24ರ ಆಸುಪಾಸು ನಡುಹಗಲಿನಲ್ಲಿ ರಾಮನಗರದ ನೆತ್ತಿಯ ಮೇಲೆ ಸೂರ್ಯ ನೇರವಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮಳೆಗಾಲ ಇನ್ನೂ ದೂರ. ಅಂಥ ಬಿಸಿಲಿನಲ್ಲಿ ತರಗತಿ ಬೇಡವೆಂಬುದು ಸರಿಯೇ. ಪಿಯು ಕಾಲೇಜಿನ ಅಕ್ಕನಿಗೆ ಮಾರ್ಚ್‌ನಲ್ಲಿ ಪರೀಕ್ಷೆ. ಪದವಿ ಓದುವ ಅಣ್ಣನಿಗೆ ವರ್ಷಕ್ಕೆ ಎರಡು ಸೆಮಿಸ್ಟರ್. ಅವನ ರಜೆಯ ಲೆಕ್ಕವೇ ಬೇರೆ. ಅಕ್ಕ ಓದಲು ಕುಳಿತಾಗ ಸೊಪ್ಪಿನ ಹೊರೆ ಯಾರ ತಲೆಗೆ? ಆರನೇ ತರಗತಿಯ ತಮ್ಮನ ತಲೆಗೆ.

ಒಟ್ಟಿನಲ್ಲಿ ನಮ್ಮ ಪಟ್ಟಿ ಬಿಸಿಲನ್ನು, ಹಬ್ಬವನ್ನು, ಪರೀಕ್ಷೆಯನ್ನು ನೋಡಿ ಮಾಡಿದ್ದು. ಹುಳುವನ್ನು ನೋಡಿ ಮಾಡಿದ್ದಲ್ಲ. ಹುಳುವಿಗೂ ಆ ಪಟ್ಟಿ ಗೊತ್ತಿಲ್ಲ.

ಇದರಿಂದ ನಷ್ಟ ಎಷ್ಟು? ನೀವೇ ಲೆಕ್ಕ ಹಾಕಿ. ನೀರಾವರಿ ಇರುವ ಮನೆಯಲ್ಲಿ ವರ್ಷಕ್ಕೆ ಐದಾರು ಬೆಳೆ. ಒಂದೆರಡು ಬೆಳೆ ರಜೆಯಲ್ಲಿ ಬಂದವು ಎನ್ನಿ. ಉಳಿದ ನಾಲ್ಕಕ್ಕೆ ಐದೈದು ದಿನ ತಪ್ಪಿದರೂ 20 ದಿನ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಶಾಲೆಯೇನೋ 220 ದಿನ ನಡೆಯುತ್ತದೆ, ಆ ಹುಡುಗನಿಗೆ ಸಿಕ್ಕಿದ್ದು 200 ಮಾತ್ರ. ಭಿನ್ನರಾಶಿಯ ಪಾಠ ಆ ವಾರವೇ ನಡೆದಿದ್ದರೆ ಮುಂದಿನ ದಶಮಾಂಶವೂ ಅವನಿಗೆ ಕಬ್ಬಿಣದ ಕಡಲೆ.

ಹಾಗಾದರೆ ಹುಳುವಿಗೆಂದೇ ಊರಿಗೊಂದು ರಜೆ ಕೊಟ್ಟರೆ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಅದು ನಡೆಯುವ ಮಾತಲ್ಲ. ಒಂದು ಮನೆಯಲ್ಲಿ ಹುಳು ಮೂರನೇ ಜ್ವರದಲ್ಲಿದ್ದರೆ ಪಕ್ಕದ ಮನೆಯವರು ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊರಟಿರುತ್ತಾರೆ. ಯಾರ ಹುಳುವಿಗೆಂದು ಶಾಲೆ ಮುಚ್ಚುವುದು? ರೇಷ್ಮೆಯೇ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು?

ಹುಳುವಿನ ದಿನಗಳನ್ನು ಮೊದಲೇ ಎಣಿಸಬಹುದು ಎಂಬುದೇ ಇಲ್ಲಿ ನಮಗೆ ದಾರಿ. ಎರಡನೇ ಜ್ವರ ಎದ್ದ ಚಾಕಿ ಹುಳುವನ್ನು ಮನೆಗೆ ತಂದರೆ, ಅಲ್ಲಿಂದ ಸುಮಾರು 10 ದಿನಕ್ಕೆ ನಾಲ್ಕನೇ ಜ್ವರ ಏಳುತ್ತದೆ. ಅಂದರೆ ಯಾವ ವಾರ ಕಷ್ಟವೆಂದು ಶಾಲೆಗೆ ಹತ್ತು ದಿನ ಮೊದಲೇ ಗೊತ್ತಾಗಬಹುದು. ಆ ವಾರ ಹೊಸ ಪಾಠವನ್ನೋ ಕಿರುಪರೀಕ್ಷೆಯನ್ನೋ ಮುಂದೂಡಲು ಸಾಧ್ಯವೇ ಎಂದು ಶಿಕ್ಷಕರು ಯೋಚಿಸಬಹುದು. ಚಾಕಿಗೆ ಹೇಳುವ ಮೊದಲು ಮನೆಯವರೂ ಶಾಲೆಯ ಪಟ್ಟಿಯನ್ನು ನೋಡಬಹುದು. ಒಂದು ವಾರ ಹಿಂದೆ ಮುಂದೆ ಮಾಡಿದರೆ ಭಾರದ ದಿನಗಳು ದಸರಾ ರಜೆಗೆ ಬಂದಾವು.

ಮನೆಗೆಲಸವೇ ತಪ್ಪೆಂದು ನಾನು ಹೇಳುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಮಾಡಿದ ತಿದ್ದುಪಡಿಯೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಲು ಬಿಡುತ್ತದೆ. ಶಾಲೆಯ ಹೊತ್ತಿನಲ್ಲಿ ಮಾತ್ರ ಕೂಡದು. ಈ ಮಾತನ್ನು ಅಪ್ಪನಿಗೆ ಹೇಳುವುದು ಕಷ್ಟ, ಬಲ್ಲೆ. ಗೂಡಿನ ದುಡ್ಡಿನಲ್ಲೇ ನಿಮ್ಮ ನೋಟ್‌ಬುಕ್ಕೂ ಬರಬೇಕಲ್ಲ!

ನಿಮ್ಮ ತರಗತಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಯಾರ ಮನೆಗೆ ಚಾಕಿ ಬಂದರೂ ಆ ದಿನ ಅದರಲ್ಲಿ ಗುರುತು ಹಾಕಿ, ಹತ್ತು ದಿನ ಎಣಿಸಿ. ಚಳಿಗಾಲದಲ್ಲಿ ಹುಳು ನಿಧಾನವಾಗಿ ಬೆಳೆಯುವುದರಿಂದ ನಿಮ್ಮ ಎಣಿಕೆ ಒಂದೆರಡು ದಿನ ತಪ್ಪಬಹುದು. ಎಷ್ಟು ತಪ್ಪಿತೆಂಬುದನ್ನೂ ಪಕ್ಕದಲ್ಲೇ ಬರೆದಿಡಿ. ಮುಂದಿನ ಬೆಳೆಗೆ ಅದು ಬೇಕಾಗುತ್ತದೆ.